ಬಾನಿಗೆ ತೆರೆದ ರಾಜವೈಭವ

ನೀಳವಾದ ಬಾನೆಟ್ಟು, ಗುಡಿಯ ಮುಖಮಂಟಪದಂತೆ ನೆಟ್ಟಗೆ ನಿಂತ ರೇಡಿಯೇಟರು, ಅದರ ನೆತ್ತಿಯಲ್ಲಿ ಗಾಳಿಗೆ ಮೈಯೊಡ್ಡಿ ಮುಂದಕ್ಕೆ ಬಾಗಿದ ಪುಟ್ಟ ಸ್ತ್ರೀಮೂರ್ತಿ, ಹಿಂದೆ ಆಕಾಶಕ್ಕೆ ತೆರೆದುಕೊಂಡ ಚರ್ಮದ ಆಸನಗಳು! ಶತಮಾನ ಕಳೆದರೂ ಹಳೆಯ ರೋಲ್ಸ್‌ರಾಯ್ಸ್ ತೆರೆದ ಕಾರೊಂದು ಬೀದಿಗಿಳಿದರೆ ಅಜ್ಜನೂ ನಿಂತು ನೋಡುತ್ತಾನೆ, ಮೊಮ್ಮಗನೂ ನಿಂತು ನೋಡುತ್ತಾನೆ. ಯಂತ್ರಶಾಸ್ತ್ರ ಮತ್ತು ಕರಕೌಶಲ ಸರಿಸಮನಾಗಿ ಬೆರೆತ ಇಂಥ ಸೃಷ್ಟಿಗಳು ವಿರಳ.

ಹೆನ್ರಿ ರಾಯ್ಸ್ ಮತ್ತು ಚಾರ್ಲ್ಸ್ ರೋಲ್ಸ್ ಮ್ಯಾಂಚೆಸ್ಟರಿನಲ್ಲಿ ಮೊದಲ ಬಾರಿ ಭೇಟಿಯಾದದ್ದು 1904ರಲ್ಲಿ. ಮೂರೇ ವರ್ಷಗಳಲ್ಲಿ ಬೆಳ್ಳಿಬಣ್ಣದ ತೆರೆದ ಕಾರೊಂದು ಅವರ ಕೀರ್ತಿಯನ್ನು ದಿಗಂತಕ್ಕೆ ಹಬ್ಬಿಸಿತು. ಅದೇ ‘ಸಿಲ್ವರ್ ಘೋಸ್ಟ್’. ಏಳು ಲೀಟರಿನಷ್ಟು ಗಾತ್ರದ, ಆರು ಸಿಲಿಂಡರಿನ ಎಂಜಿನ್ ಇದ್ದರೂ ಸದ್ದು ಅತ್ಯಲ್ಪ. ಹೆಸರಿನಲ್ಲಿ ಭೂತ ಸೇರಿಕೊಂಡದ್ದೂ ಆ ಮೌನದಿಂದಲೇ. 1907ರ ದೀರ್ಘ ಪರೀಕ್ಷೆಯಲ್ಲಿ ಲಂಡನ್ ಮತ್ತು ಗ್ಲಾಸ್ಗೊ ನಡುವೆ ಮತ್ತೆ ಮತ್ತೆ ಸಂಚರಿಸಿದ ಈ ಕಾರು ಸುಮಾರು 23,000 ಕಿಲೋಮೀಟರು ಕ್ರಮಿಸಿ ದಾಖಲೆ ಬರೆಯಿತು. ಚಾರ್ಲ್ಸ್ ಸೈಕ್ಸ್ ಕಡೆದ ಸ್ತ್ರೀಮೂರ್ತಿ ರೇಡಿಯೇಟರನ್ನು ಏರಿದ್ದು 1911ರಲ್ಲಿ.

ಆ ಕಾಲದಲ್ಲಿ ಕಂಪನಿ ಒದಗಿಸುತ್ತಿದ್ದುದು ಚಾಸಿ ಮತ್ತು ಎಂಜಿನ್ ಮಾತ್ರ. ಅದರ ಮೇಲಿನ ಒಡಲನ್ನು ಬಾರ್ಕರ್, ಹೂಪರ್ ಮೊದಲಾದ ಕೋಚ್ ತಯಾರಕರು ಗ್ರಾಹಕರ ಅಭಿರುಚಿಗೆ ತಕ್ಕಂತೆ ಕಟ್ಟಿಕೊಡುತ್ತಿದ್ದರು. ಮರದ ಚೌಕಟ್ಟಿನ ಮೇಲೆ ಲೋಹದ ತಗಡನ್ನು ಕೈಯಿಂದಲೇ ಬಡಿದು ಕೂರಿಸಬೇಕಿತ್ತು. ಟಾಪು ಮಡಚುವುದೂ ಒಂದು ಕಲೆ. ಮುಂದಿನ ಕೊಕ್ಕೆ ಬಿಡಿಸಿ, ಬಾಗಿದ ಮರದ ಕಮಾನುಗಳನ್ನು ಒಂದರ ಮೇಲೊಂದು ಇಳಿಸಿ, ಕ್ಯಾನ್ವಾಸು ಸುಕ್ಕಾಗದಂತೆ ಒಳಕ್ಕೆ ಸರಿಸಿ, ಕೊನೆಗೆ ಚರ್ಮದ ಪಟ್ಟಿ ಬಿಗಿಯಬೇಕು.

ಭಾರತದ ಅರಸೊತ್ತಿಗೆಗಳಿಗೆ ಈ ಕಾರು ಪ್ರಿಯವಾದದ್ದು ಕೇವಲ ಶ್ರೀಮಂತಿಕೆಯಿಂದಲ್ಲ. ನಮ್ಮಲ್ಲಿ ದೊರೆ ಪ್ರಜೆಗಳಿಗೆ ದರ್ಶನ ಕೊಡಬೇಕಿತ್ತು. ದಸರೆಯಲ್ಲಿ ಆನೆಯ ಮೇಲಿನ ಅಂಬಾರಿ ನೆರವೇರಿಸುತ್ತಿದ್ದ ಆ ಕಾರ್ಯವನ್ನು ಡಾಂಬರು ರಸ್ತೆಯ ಮೇಲೆ ತೆರೆದ ಕಾರು ವಹಿಸಿಕೊಂಡಿತು. ಮೈಸೂರು ಮಹಾರಾಜರು ಒಮ್ಮೆಗೇ ಏಳೇಳು ರೋಲ್ಸ್‌ರಾಯ್ಸ್ ಕೊಳ್ಳುತ್ತಿದ್ದರೆಂದೂ, ಹಾಗೆ ಸಗಟಾಗಿ ಖರೀದಿಸುವುದಕ್ಕೆ ಕಂಪನಿಯಲ್ಲಿ ‘ಡೂಯಿಂಗ್ ಎ ಮೈಸೂರ್’ ಎಂಬ ಮಾತೇ ರೂಢಿಗೆ ಬಂತೆಂದೂ ಮೋಟಾರುಪ್ರಿಯರು ಇಂದಿಗೂ ಅಭಿಮಾನದಿಂದ ಸ್ಮರಿಸುತ್ತಾರೆ.

ಸಂಸ್ಥಾನಗಳು ವಿಲೀನಗೊಂಡವು, 1971ರಲ್ಲಿ ರಾಜಧನವೂ ರದ್ದಾಯಿತು. ಅನೇಕ ಕಾರುಗಳು ವಿದೇಶದ ಸಂಗ್ರಾಹಕರ ಪಾಲಾದವು. ಉಳಿದವು ಲಾಯಗಳಲ್ಲಿ ಧೂಳು ತಿಂದವು. ನಮ್ಮ ನಾಡಿನ ಬಿಸಿಲನ್ನು ಬಲ್ಲವರಿಗೆ ಇವುಗಳ ಆರೈಕೆ ಎಷ್ಟು ಕಷ್ಟವೆಂದು ವಿವರಿಸಬೇಕಿಲ್ಲ. ಬಿಸಿಲಿಗೆ ಚರ್ಮ ಬಿರಿಯುತ್ತದೆ, ಕ್ಯಾನ್ವಾಸು ಪುಡಿಯಾಗುತ್ತದೆ, ಮರದ ಕೀಲುಗಳು ಸಡಿಲಗೊಳ್ಳುತ್ತವೆ. ಆದರೆ ಬಿಡಿಭಾಗ ಸಿಗದಿದ್ದರೂ ಅನುಭವಿ ಕುಶಲಕರ್ಮಿ ಅದನ್ನು ಹೊಸದಾಗಿ ಕಡೆದು ಕೂರಿಸಬಲ್ಲ. ಈ ಕಾರುಗಳ ದೀರ್ಘಾಯುಷ್ಯದ ಗುಟ್ಟು ಇಲ್ಲಿದೆ.

ಕಾನೂನೂ ಈಗ ಇವುಗಳ ಬೆನ್ನಿಗಿದೆ. 2021ರಲ್ಲಿ ರೂಪುಗೊಂಡ ಕೇಂದ್ರದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿ ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ವಿಶೇಷ ಸಂಖ್ಯೆ ದೊರೆಯುತ್ತದೆ. ಪ್ರದರ್ಶನ, ರ‍್ಯಾಲಿಗಳಿಗೆ ಅವು ರಸ್ತೆಗಿಳಿಯಬಹುದು. ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ.

ಕನ್ನಡನಾಡಿನ ಪುಣ್ಯವೆಂದರೆ ಈ ಪರಂಪರೆಯನ್ನು ಕಾಣಲು ವಿದೇಶಕ್ಕೆ ಹೋಗಬೇಕಿಲ್ಲ. ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಆಸ್ಥೆಯಿಂದ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯ ಬೆಳೆದಿದೆ; ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯ ಅದರ ಮುಂದುವರಿಕೆ. ಧರ್ಮಸ್ಥಳಕ್ಕೆ ಮಂಜುನಾಥನ ದರ್ಶನಕ್ಕೆಂದು ಹೊರಡುವ ಕುಟುಂಬಗಳು ಅಲ್ಲಿನ ಸಂಗ್ರಹಾಲಯಕ್ಕೂ ಒಂದು ಗಂಟೆಯನ್ನು ಮೀಸಲಿಡಲಿ, ಮಕ್ಕಳನ್ನು ತಪ್ಪದೆ ಜೊತೆಗೆ ಕರೆದೊಯ್ಯಲಿ.