ಪ್ರಾಥಮಿಕ ಶಾಲಾ ಪರೀಕ್ಷೆಯ ಅಂಕ ಮತ್ತು ಮನೆಮಾತು: ಬಳ್ಳಾರಿ ಗಡಿಭಾಗದ ಸಂದರ್ಭ

ಪ್ರಾಥಮಿಕ ಶಾಲೆಯ ಮಗು ಭಾಷಾ ಪರೀಕ್ಷೆಯಲ್ಲಿ ಪಡೆಯುವ ಅಂಕವೇ ಅದರ ಭಾಷಾಸಾಮರ್ಥ್ಯದ ಅಳತೆಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಬಳ್ಳಾರಿ ಜಿಲ್ಲೆಯ ಸಂದರ್ಭದಲ್ಲಿ ಈ ಗ್ರಹಿಕೆಯನ್ನು ಮರುಪರಿಶೀಲಿಸುವುದು ಅಗತ್ಯ. 1953ರವರೆಗೆ ಮದ್ರಾಸ್ ರಾಜ್ಯಕ್ಕೆ ಸೇರಿದ್ದ ಈ ಗಡಿನಾಡಿನಲ್ಲಿ ಕನ್ನಡದೊಂದಿಗೆ ತೆಲುಗು, ಉರ್ದು, ಲಂಬಾಣಿಗಳೂ ಮನೆಮಾತುಗಳಾಗಿವೆ. ಆಂಧ್ರದ ಗಡಿಗೆ ತಾಗಿದ ಸಿರುಗುಪ್ಪ ತಾಲ್ಲೂಕಿನ ತೆಲುಗು ಮನೆಮಾತಿನ ಮಗುವಿಗೆ ಪಠ್ಯದ ಕನ್ನಡ ಎರಡನೆಯ ಭಾಷೆ. ಕುರುಗೋಡಿನ ಕನ್ನಡ ಮನೆಮಾತಿನ ಮಗುವಿಗೂ ಅದು ಪೂರ್ಣ ಪರಿಚಿತವಲ್ಲ. ‘ಹೊಂಟಾನ’ ಎಂದು ಆಡುವ ಮಗು ಪುಸ್ತಕದಲ್ಲಿ ‘ಹೊರಟಿದ್ದಾನೆ’ ಎಂಬುದನ್ನು ಎದುರಿಸಬೇಕಾಗುತ್ತದೆ.

2021ರ ನವೆಂಬರ್ 12ರಂದು ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಿ 3 ಮತ್ತು 5ನೆಯ ತರಗತಿಗಳಿಗೆ ಭಾಷೆ, ಗಣಿತ, ಪರಿಸರ ಅಧ್ಯಯನ ವಿಷಯಗಳಲ್ಲಿ ಬಹುಆಯ್ಕೆಯ ಪ್ರಶ್ನೆಗಳಿದ್ದವು. ಪ್ರಶ್ನೆಯ ವಾಕ್ಯ ಅರ್ಥವಾದ ಬಳಿಕವೇ ಲೆಕ್ಕ ಆರಂಭವಾಗುತ್ತದೆ. ಆದ್ದರಿಂದ ತಪ್ಪು ಉತ್ತರಕ್ಕೆ ಲೆಕ್ಕ ಬಾರದಿರುವುದು ಕಾರಣವೋ, ವಾಕ್ಯ ತಿಳಿಯದಿರುವುದು ಕಾರಣವೋ ಎಂಬುದು ಅಂಕದಿಂದ ಸ್ಪಷ್ಟವಾಗದು. ಮೇಲಾಗಿ ಅದು ಆಯ್ದ ಶಾಲೆಗಳ ಮಾದರಿ ಸಮೀಕ್ಷೆ. ಜಿಲ್ಲೆಯ ಸರಾಸರಿಯನ್ನು ಆಧರಿಸಿ ಬಳ್ಳಾರಿ ನಗರದ ಶಾಲೆಯೊಂದನ್ನು ಸಿರುಗುಪ್ಪದ ಶಾಲೆಯೊಂದಿಗೆ ತೂಗಿ ನೋಡುವುದು ಸಾಧುವಲ್ಲ.

ಇದರರ್ಥ ಪರೀಕ್ಷೆ ಬೇಡವೆಂದಾಗಲಿ, ಶಿಷ್ಟ ಕನ್ನಡವನ್ನು ಕಲಿಸಬಾರದೆಂದಾಗಲಿ ಅಲ್ಲ. ತಪ್ಪಾದ ಪ್ರಶ್ನೆಯನ್ನೇ ಮನೆಮಾತಿನಲ್ಲಿ ಮತ್ತೊಮ್ಮೆ ಕೇಳಿದಾಗ ಮಗು ಸರಿಯಾಗಿ ಉತ್ತರಿಸಿದರೆ, ಕೊರತೆ ಬುದ್ಧಿಯದಲ್ಲ, ಶಿಷ್ಟಭಾಷೆಯ ಪರಿಚಯದ್ದು ಎಂಬುದು ಸಿದ್ಧವಾಗುತ್ತದೆ. ಈ ಎರಡರ ಭೇದವನ್ನರಿಯದೆ ‘ದಡ್ಡ’ ಎಂಬ ಹಣೆಪಟ್ಟಿಯನ್ನು ಹಚ್ಚಿದರೆ, ಮಗು ತನ್ನ ಮಾತನ್ನೇ ತಪ್ಪೆಂದು ಬಗೆದು ತರಗತಿಯಲ್ಲಿ ಮೌನಕ್ಕೆ ಶರಣಾಗುವ ಅಪಾಯವಿದೆ.