ಮನೆಯ ಸರ್ವರಿಗೆ ಬೇರೆ ದಾರಿ

ಕೊರ್ತಾಲಿಮ್‌ನಲ್ಲಿ ಜುವಾರಿ ನದಿ ದಾಟಿದರೆ ಅಗಸಾಯಿಮ್, ಅಲ್ಲಿಂದ ಮುಂದೆ ಪಣಜಿ. 1983ರಲ್ಲಿ ತೆರೆದ ಹಳೆಯ ಸೇತುವೆಯ ಮೇಲೆ ಭಾರಿ ವಾಹನಗಳನ್ನು ಹಲವು ವರ್ಷ ಬಿಡುತ್ತಿರಲಿಲ್ಲ. ಲಾರಿಗಳು ಬೋರಿ ಸೇತುವೆ ಸುತ್ತಿಕೊಂಡು ಹೋಗಬೇಕಿತ್ತು. ಕಾರೂ ಲಾರಿಯೂ ಹೊರಟದ್ದು ಅದೇ ಪಣಜಿಗೆ, ಆದರೆ ಹೊರಟ ವಾಹನ ಯಾವುದು ಎಂಬುದರ ಮೇಲೆ ದಾರಿ ಬದಲಾಗುತ್ತಿತ್ತು. ಇಂಟರ್‌ನೆಟ್ಟಿನ ರೂಟರುಗಳು ಸಾಮಾನ್ಯವಾಗಿ ಹೀಗೆ ನಡೆದುಕೊಳ್ಳುವುದಿಲ್ಲ. ಪ್ಯಾಕೆಟ್ ಎಲ್ಲಿಗೆ ಹೋಗಬೇಕು ಎಂಬುದನ್ನಷ್ಟೇ ನೋಡುತ್ತವೆ, ಕಳಿಸಿದವರು ಯಾರು ಎಂದು ಕೇಳುವುದಿಲ್ಲ. ಮನೆಯ ಇಡೀ ಸಂಚಾರವನ್ನು ಫೈರ್‌ವಾಲ್‌ನಲ್ಲೇ ವಿಪಿಎನ್ ಎಂಬ ಗುಪ್ತ ಸುರಂಗಕ್ಕೆ ತಿರುಗಿಸಿದವರಿಗೆ ಎದುರಾಗುವ ತೊಡಕಿನ ಬೇರು ಇಲ್ಲಿದೆ. ಅಂಥ ಮನೆಯಲ್ಲಿ ಮೀಡಿಯಾ ಸರ್ವರ್ ಇದ್ದರೆ ಅದೊಂದನ್ನು ವಿಪಿಎನ್‌ನಿಂದ ಹೊರಗಿಡಬೇಕು, ಹೊರಗಿಡುವಾಗ ಕಳಿಸುವವರ ವಿಳಾಸವನ್ನೇ ಆಧಾರ ಮಾಡಿಕೊಳ್ಳಬೇಕು ಎಂಬುದು ನನ್ನ ವಾದ.

ಕೊರ್ತಾಲಿಮ್ ಸುತ್ತಮುತ್ತ ಇಂಥ ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಪಕ್ಕದಲ್ಲೇ ವೆರ್ಣಾ ಕೈಗಾರಿಕಾ ಪ್ರದೇಶವಿದೆ, ಜುವಾರಿನಗರದಲ್ಲಿ ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಕುಟುಂಬಗಳಿವೆ. ಮದುವೆಯ ವಿಡಿಯೋ, ಊರ ಜಾತ್ರೆಯ ನಾಟಕ, ಅಜ್ಜಿಯ ಹಾಡಿನ ಧ್ವನಿಮುದ್ರಣ ಎಲ್ಲವನ್ನೂ ಹಳೆಯ ಕಂಪ್ಯೂಟರೊಂದಕ್ಕೆ ತುಂಬಿ, ಪ್ಲೆಕ್ಸ್ ಅಥವಾ ಜೆಲ್ಲಿಫಿನ್ ಎಂಬ ಮೀಡಿಯಾ ಸರ್ವರ್ ತಂತ್ರಾಂಶ ಹಾಕಿಟ್ಟರೆ ಹುಬ್ಬಳ್ಳಿಯ ಅಣ್ಣ, ಗದಗಿನ ಚಿಕ್ಕಮ್ಮ ತಮ್ಮ ತಮ್ಮ ಫೋನಿನಲ್ಲೇ ನೋಡಬಹುದು. ಫೈರ್‌ವಾಲ್‌ನಲ್ಲಿ ವಿಪಿಎನ್ ಚಾಲೂ ಮಾಡಿದ ದಿನದಿಂದ ಅವರಿಗೆ ಏನೂ ಸಿಗುವುದಿಲ್ಲ. ಮನೆಯೊಳಗಿನ ಟಿವಿಯಲ್ಲಿ ಮಾತ್ರ ಎಲ್ಲ ಸರಿಯಾಗಿಯೇ ಓಡುತ್ತಿರುತ್ತದೆ, ಹಾಗಾಗಿ ದೋಷ ಎಲ್ಲಿದೆ ಎಂದು ಹೊಳೆಯುವುದೂ ತಡ.

ಕಾರಣ ತಿಳಿಯಲು ರೂಟಿಂಗ್ ಟೇಬಲ್‌ನೊಳಗೆ ಇಣುಕಬೇಕು. ಒಂದು ವಿಳಾಸಕ್ಕೆ ಎರಡು ದಾರಿಗಳು ಹೊಂದಿದರೆ ಹೆಚ್ಚು ನಿರ್ದಿಷ್ಟವಾದದ್ದೇ ಗೆಲ್ಲುತ್ತದೆ ಎಂಬುದು ಅಲ್ಲಿನ ನಿಯಮ. ಓಪನ್‌ವಿಪಿಎನ್ ಇದನ್ನು ಜಾಣತನದಿಂದ ಬಳಸಿಕೊಳ್ಳುತ್ತದೆ. ಮನೆಯ ಮೂಲ ಡಿಫಾಲ್ಟ್ ದಾರಿಯನ್ನು ಅಳಿಸದೆ, 0.0.0.0/1 ಮತ್ತು 128.0.0.0/1 ಎಂಬ ಎರಡು ಹೊಸ ದಾರಿಗಳನ್ನು ಸೇರಿಸುತ್ತದೆ. ಎರಡೂ ಕೂಡಿದರೆ ಐಪಿವಿ4ರ ಎಲ್ಲ ವಿಳಾಸಗಳೂ ಬಂದವು. ಒಂದೊಂದೂ ಡಿಫಾಲ್ಟ್‌ಗಿಂತ ಒಂದೇ ಒಂದು ಬಿಟ್‌ನಷ್ಟು ಹೆಚ್ಚು ನಿರ್ದಿಷ್ಟ, ಅಷ್ಟೇ ಸಾಕು. ಅಲ್ಲಿಂದ ಮುಂದೆ ಸರ್ವರ್ ಹೊರಗೆ ಕಳಿಸುವುದೆಲ್ಲ ವಿಪಿಎನ್ ಸುರಂಗದೊಳಗೆ. ಈಗ ಹುಬ್ಬಳ್ಳಿಯ ಫೋನು ಕೊರ್ತಾಲಿಮ್ ಮನೆಯ ವಿಳಾಸಕ್ಕೆ ಕರೆ ಕಳಿಸಿತು ಎಂದುಕೊಳ್ಳಿ. ಕರೆ ಮುಂಬಾಗಿಲಿನಿಂದ ಒಳಬರುತ್ತದೆ, ಉತ್ತರ ಸುರಂಗದಿಂದ ಹೊರಟು ವಿಪಿಎನ್ ಕಂಪನಿಯ ವಿಳಾಸ ಹೊತ್ತು ತಲುಪುತ್ತದೆ. ಟಿಸಿಪಿ ಸಂಪರ್ಕವನ್ನು ಗುರುತಿಸುವುದೇ ಎರಡೂ ಕಡೆಯ ವಿಳಾಸ ಮತ್ತು ಪೋರ್ಟ್‌ಗಳಿಂದ. ತಾನು ಕೇಳಿದ್ದು ಒಬ್ಬರನ್ನು, ಉತ್ತರಿಸಿದ್ದು ಇನ್ನೊಬ್ಬರು ಎಂದಾಗ ಫೋನು ಆ ಪ್ಯಾಕೆಟ್ಟನ್ನು ಬಿಸಾಡುತ್ತದೆ. ಪಿಎಫ್‌ಸೆನ್ಸ್, ಒಪಿಎನ್‌ಸೆನ್ಸ್‌ನಂಥ ಫೈರ್‌ವಾಲ್‌ಗಳು ಕರೆ ಬಂದ ಬಾಗಿಲನ್ನು ನೆನಪಿಟ್ಟು ಉತ್ತರವನ್ನು ಅಲ್ಲಿಂದಲೇ ಕಳಿಸುವಷ್ಟು ಎಚ್ಚರ ವಹಿಸುತ್ತವೆ. ಆದರೆ ಪ್ಲೆಕ್ಸ್‌ನ ಮಟ್ಟಿಗೆ ಅದೂ ಸಾಲದು. ಪ್ಲೆಕ್ಸ್ ಸರ್ವರ್ ತಾನಿರುವ ಜಾಗವನ್ನು ತನ್ನ ಕಂಪನಿಯ ಕೇಂದ್ರಕ್ಕೆ ತಾನೇ ಹೊರಗೆ ಹೋಗಿ ತಿಳಿಸುತ್ತದೆ. ಆ ಸಂದೇಶ ಸುರಂಗದಿಂದ ಹೋದರೆ ಕೇಂದ್ರದಲ್ಲಿ ದಾಖಲಾಗುವುದು ವಿಪಿಎನ್ ವಿಳಾಸ. ಚಿಕ್ಕಮ್ಮನ ಫೋನು ಹೋಗಿ ಬಡಿಯುವುದು ಆ ಅಪರಿಚಿತ ಬಾಗಿಲನ್ನು.

ಇದನ್ನು ಬರಿಯ ಸಂರಚನೆಯ ತಪ್ಪು ಎಂದು ನಾನು ಎಣಿಸುವುದಿಲ್ಲ. ವಿಪಿಎನ್ ಇರುವುದು ಮನೆಯ ಗುರುತು ಮರೆಸಲು, ಸರ್ವರ್ ಇರುವುದು ಬೇಕಾದವರಿಗೆ ಸಿಗಲು. ಒಂದೇ ದಾರಿಯಿಂದ ಇವೆರಡನ್ನೂ ಸಾಧಿಸಹೊರಟರೆ ಎರಡೂ ಕೆಡುತ್ತವೆ. ಹೇಗೋ ಸಂಪರ್ಕ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ, ಆಗಲೂ ದಾರಿ ವೃಥಾ ಉದ್ದವಾಗುತ್ತದೆ. 2022ರ ಏಪ್ರಿಲ್ 28ರಂದು ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ, ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದಿತು. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನು ತೆಗೆದವು. ಹಾಗಾಗಿ ಗೋವಾದಿಂದ ಇಂಥ ವಿಪಿಎನ್ ಹಿಡಿದವರ ಸಂಚಾರ ಸಿಂಗಪುರದಂಥ ಕಡೆಗೆ ಹೋಗಿ ಬರುತ್ತದೆ. ನೇರ ರೇಖೆಯಲ್ಲೇ ಅದು ಸುಮಾರು 3,600 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಹೋಗಿಬರಲು ಕನಿಷ್ಠ 36 ಮಿಲಿಸೆಕೆಂಡ್, ಸಮುದ್ರದ ಕೇಬಲ್ಲು ನೇರವಾಗಿಲ್ಲದ ಕಾರಣ ವಾಸ್ತವದಲ್ಲಿ ಇನ್ನೂ ಹೆಚ್ಚು. ಘಟ್ಟದಾಚೆಗಿನ ಹುಬ್ಬಳ್ಳಿಯಲ್ಲಿ ನೋಡುವ ನಾಟಕ ಸಮುದ್ರ ದಾಟಿ ಬರಬೇಕಾದ ಅಗತ್ಯವೇನು?

ಪರಿಹಾರಕ್ಕೆ ಪಾಲಿಸಿ ರೂಟಿಂಗ್ ಎನ್ನುತ್ತಾರೆ. ಪಿಎಫ್‌ಸೆನ್ಸ್‌ನಲ್ಲಾದರೆ ಮೊದಲು ಸರ್ವರಿಗೆ ಸ್ಥಿರವಾದ ಒಳವಿಳಾಸ, ಉದಾಹರಣೆಗೆ 192.168.1.20, ಕಾಯ್ದಿರಿಸಬೇಕು. ಆಮೇಲೆ ಲ್ಯಾನ್ (ಒಳಜಾಲ) ನಿಯಮಗಳಲ್ಲಿ, ಈ ವಿಳಾಸದಿಂದ ಹೊರಟದ್ದು ವ್ಯಾನ್ ಗೇಟ್‌ವೇಯಿಂದ, ಅಂದರೆ ನೇರ ಇಂಟರ್‌ನೆಟ್ ಬಾಗಿಲಿನಿಂದ, ಹೋಗಲಿ ಎಂದು ಬರೆಯಬೇಕು. ನಿಯಮಗಳನ್ನು ಫೈರ್‌ವಾಲ್ ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ್ದಕ್ಕೇ ನಿಲ್ಲುತ್ತದೆ. ಆದ್ದರಿಂದ ಇದು ವಿಪಿಎನ್ ನಿಯಮಕ್ಕಿಂತ ಮೇಲಿರಬೇಕು. ಸರ್ವರ್ ಮನೆಯೊಳಗಿನ ಬೇರೆ ಜಾಲದ ಜೊತೆ ಮಾತಾಡಬೇಕಿದ್ದರೆ ಅದಕ್ಕೆ ಗೇಟ್‌ವೇ ಹೆಸರಿಸದ ನಿಯಮವೊಂದು ಇದಕ್ಕೂ ಮೇಲಿರಬೇಕು, ಇಲ್ಲದಿದ್ದರೆ ಒಳಗಿನ ಮಾತನ್ನೂ ಹೊರಗೆ ತಳ್ಳಿಬಿಡುತ್ತದೆ. ಪ್ಲೆಕ್ಸ್ ಕೇಂದ್ರದ ವಿಳಾಸಗಳನ್ನು ಪಟ್ಟಿ ಮಾಡಿ ಅವಷ್ಟಕ್ಕೇ ವಿನಾಯಿತಿ ಕೊಡುವವರೂ ಇದ್ದಾರೆ. ಆ ವಿಳಾಸಗಳು ಬದಲಾಗುತ್ತಲೇ ಇರುತ್ತವೆ, ನೋಡುವವರ ಫೋನಿನ ವಿಳಾಸವಂತೂ ಮೊದಲೇ ಗೊತ್ತಿರುವುದಿಲ್ಲ. ಬದಲಾಗದೆ ಇರುವುದು ಕಳಿಸುವ ಸರ್ವರಿನ ವಿಳಾಸವೊಂದೇ.

ಇದರಿಂದ ಗೋಪ್ಯತೆಗೆ ತೂತು ಬೀಳುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಬಂಧುಗಳಿಗೆ ಹೇಗೂ ಮನೆ ಗೊತ್ತು, ಅವರಿಂದ ವಿಳಾಸ ಮರೆಸುವುದರಲ್ಲಿ ಅರ್ಥವಿಲ್ಲ. ಸಂಪರ್ಕಕ್ಕೆ ಟಿಎಲ್‌ಎಸ್ ಕಡ್ಡಾಯ ಮಾಡಿದರೆ ಯಾವ ವಿಡಿಯೋ ನೋಡಿದರು ಎಂಬುದು ಇಂಟರ್‌ನೆಟ್ ಕಂಪನಿಗೆ ಕಾಣದು. ನನ್ನ ಚಿಂತೆ ಗೋಪ್ಯತೆಗಿಂತ ಹೆಚ್ಚಾಗಿ ಹೊರಗಿನವರಿಗೆ ತೆರೆದ ಪೋರ್ಟಿನ ಸುರಕ್ಷತೆಯದು. 2022ರಲ್ಲಿ ಪಾಸ್‌ವರ್ಡ್ ಕಾಯುವ ಲಾಸ್ಟ್‌ಪಾಸ್ ಕಂಪನಿಗೆ ದಾಳಿಕೋರರು ನುಗ್ಗಿದ್ದು ಅದರ ಎಂಜಿನಿಯರೊಬ್ಬರ ಮನೆಯ ಕಂಪ್ಯೂಟರಿನ ಮೂಲಕ. ಅಲ್ಲಿ ಬಳಕೆಯಾದದ್ದು ಪ್ಲೆಕ್ಸ್ 2020ರ ಮೇ ತಿಂಗಳಲ್ಲೇ ಸರಿಪಡಿಸಿದ್ದ ದೋಷ. ಆ ಕಂಪ್ಯೂಟರಿನಲ್ಲಿ ಹೊಸ ಆವೃತ್ತಿ ಹಾಕಿರಲಿಲ್ಲ. ಹೀಗಾಗಿ ವಿನಾಯಿತಿ ಪಡೆದ ಸರ್ವರನ್ನು ಕೆಲಸದ ಲ್ಯಾಪ್‌ಟಾಪಿನಿಂದ ದೂರ, ವಿಲ್ಯಾನ್ ಎಂಬ ಪ್ರತ್ಯೇಕ ಒಳಜಾಲದಲ್ಲಿ ಇಡುವುದನ್ನು ಐಚ್ಛಿಕ ಎಂದು ನಾನು ಹೇಳಲಾರೆ.

ವಿಪಿಎನ್ ಕಂಪನಿಯಿಂದಲೇ ಪೋರ್ಟ್ ಪಡೆಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಕೊಡುವ ಕಂಪನಿಗಳಿವೆ, ಆದರೆ ಅದು ಅವರ ಮರ್ಜಿ. ಮುಲ್ವಾಡ್ 2023ರ ಜುಲೈನಲ್ಲಿ ಆ ಸೌಲಭ್ಯವನ್ನೇ ನಿಲ್ಲಿಸಿತು. ಇದಕ್ಕಿಂತ ಗಂಭೀರವಾದ ಆತಂಕ ಇನ್ನೊಂದಿದೆ: ಸುರಂಗ ಕಡಿದುಬಿದ್ದಾಗ ಉಳಿದ ಸಾಧನಗಳ ಗತಿ ಏನು? ಪಿಎಫ್‌ಸೆನ್ಸನ್ನು ಮೊದಲಿದ್ದಂತೆಯೇ ಬಿಟ್ಟರೆ, ಗೇಟ್‌ವೇ ಸತ್ತಾಗ ಅದು ನಿಯಮದಿಂದ ಗೇಟ್‌ವೇಯನ್ನಷ್ಟೇ ಕಳಚಿ ಸಂಚಾರವನ್ನು ಸಾಮಾನ್ಯ ದಾರಿಗೆ ಬಿಡುತ್ತದೆ. ಅಡಗಿದ್ದೇವೆ ಎಂದುಕೊಂಡವರು ಅರಿವಿಲ್ಲದೆ ಬಯಲಿಗೆ ಬಂದಿರುತ್ತಾರೆ. ಅಂಥ ನಿಯಮವನ್ನೇ ಕೈಬಿಡುವಂತೆ ಆಯ್ಕೆ ಬದಲಿಸಿ, ಕೆಳಗೆ ತಡೆಯುವ ನಿಯಮ ಹಾಕಬೇಕು. ಐಪಿವಿ6ಕ್ಕೂ ಇದೆಲ್ಲವನ್ನೂ ಬೇರೆಯಾಗಿಯೇ ಬರೆಯಬೇಕು, ಐಪಿವಿ4ರ ನಿಯಮ ಅದನ್ನು ಮುಟ್ಟುವುದಿಲ್ಲ.

ಇಷ್ಟೆಲ್ಲಕ್ಕೂ ಮೊದಲು ನೋಡಬೇಕಾದ ಒಂದು ಸಂಖ್ಯೆ ಫೈರ್‌ವಾಲ್‌ನ ವ್ಯಾನ್ ಪುಟದಲ್ಲಿದೆ. ಅಲ್ಲಿನ ವಿಳಾಸ 100.64ರಿಂದ 100.127ರೊಳಗೆ ಆರಂಭವಾಗುತ್ತಿದ್ದರೆ ಅದು ಸಾರ್ವಜನಿಕ ವಿಳಾಸವಲ್ಲ. ವಿಳಾಸಗಳ ಕೊರತೆಯಿಂದ ಇಂಟರ್‌ನೆಟ್ ಕಂಪನಿಯೊಂದು ಅನೇಕ ಮನೆಗಳಿಗೆ ಒಂದೇ ಹೊರವಿಳಾಸ ಹಂಚಿದಾಗ ಒಳಗೆ ಬಳಸಲೆಂದು 2012ರಲ್ಲಿ ಮೀಸಲಿಟ್ಟ ಪಟ್ಟಿ ಇದು. ಆ ಮನೆಯಲ್ಲಿ ಎಷ್ಟೇ ಸರಿಯಾದ ನಿಯಮ ಬರೆದರೂ ಹೊರಗಿನ ಕರೆ ಬಾಗಿಲಿಗೇ ಬರುವುದಿಲ್ಲ. ಅಲ್ಲಿ ಉಳಿಯುವುದು ಹೆಚ್ಚು ಹಣ ಕೊಟ್ಟು ಸ್ಥಿರ ವಿಳಾಸ ಪಡೆಯುವುದು, ಎರಡೂ ಕಡೆ ಐಪಿವಿ6 ಇದ್ದರೆ ಅದನ್ನು ಹಿಡಿಯುವುದು, ಇಲ್ಲವೇ ಮುಂಬೈಯಲ್ಲಿ ಚಿಕ್ಕ ಬಾಡಿಗೆ ಸರ್ವರೊಂದನ್ನು ಪಡೆದು ಮನೆಯಿಂದ ಅಲ್ಲಿಗೆ ವೈರ್‌ಗಾರ್ಡ್ ಸುರಂಗ ಎಳೆಯುವುದು.