ಅಂಗಳ ಹೊಸದಾಗಿಸುವ ಮುನ್ನ ನೀರಿನ ದಾರಿ ನೋಡಿ

ಮಳೆಗಾಲಕ್ಕೆ ಮುಂಚೆ ಮನೆಯಂಗಳಕ್ಕೆ ಇಂಟರ್‌ಲಾಕ್ ಹಾಕಿಸಿ, ನಾಲ್ಕು ಹೂಗಿಡ ನೆಡಬೇಕೆಂದು ಯೋಚಿಸುತ್ತಿದ್ದೀರಾ? ಅಂದಕ್ಕಿಂತ ಮೊದಲು ಒಂದು ವಿಷಯ ಗಮನಿಸಿ: ಅಂಗಳಕ್ಕೆ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ?

ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಹೊತ್ತಿನಲ್ಲಿ ಕಚ್ಚುತ್ತದೆ. ಅದು ಮೊಟ್ಟೆಯಿಡುವುದು ಹೆಚ್ಚಾಗಿ ಮನೆಯ ಸುತ್ತ ನಿಂತ ತಿಳಿನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಒಣಗಿದ ಪಾತ್ರೆಗೆ ಅಂಟಿಕೊಂಡ ಮೊಟ್ಟೆಗಳು ತಿಂಗಳುಗಟ್ಟಲೆ ಉಳಿದು, ನೀರು ತುಂಬಿದಾಗ ಮರಿಯಾಗಬಲ್ಲವು. ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಬದಿಯನ್ನು ಉಜ್ಜಿ ತೊಳೆಯಬೇಕು.

ನೆಲ ಮಾಡಿಸುವಾಗ ಮೀಟರಿಗೆ 1ರಿಂದ 2 ಸೆಂ.ಮೀ. ಇಳಿಜಾರು ಮನೆಯ ಗೋಡೆಯಿಂದ ಹೊರಕ್ಕಿರಲಿ. ಮೇಸ್ತ್ರಿ ಹೊರಡುವ ಮುನ್ನ ನಾಲ್ಕು ಕೊಡ ನೀರು ಸುರಿದು ನೋಡಿ; ನೀರು ನಿಂತ ಜಾಗವನ್ನು ಆಗಲೇ ಸರಿಪಡಿಸಿಕೊಳ್ಳಿ. ಅಂಗಳವಿಡೀ ಕಾಂಕ್ರೀಟ್ ಬೇಡ. ಒಂದು ಭಾಗ ಮಣ್ಣಾಗಿಯೇ ಇದ್ದರೆ ಮಳೆನೀರು ಇಂಗುತ್ತದೆ. ವುಝೂ ಮಾಡುವ, ಕಾಲು ತೊಳೆಯುವ ನಲ್ಲಿ ಹೊರಗಿದ್ದರೆ ಅದರ ನೀರನ್ನು ಬಾಳೆಯ ಬುಡಕ್ಕೆ ಹರಿಸಿ. ಅಲ್ಲಿ ಹೊಂಡವಾಗದಂತೆ ಮಣ್ಣು ಸಡಿಲವಾಗಿರಲಿ.

ಪುಟ್ಟ ಮಕ್ಕಳಿರುವ ಮನೆಯಲ್ಲಿ ಕಣಗಿಲೆ ನೆಡಬೇಡಿ. ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷ.

ಹೂಕುಂಡದ ತಟ್ಟೆ, ಹಕ್ಕಿಗಳಿಗಿಟ್ಟ ನೀರಿನ ಬಟ್ಟಲು, ಬಿಸಾಡಿದ ಚಿಪ್ಪು, ಟಯರ್ ಇವನ್ನು ವಾರಕ್ಕೊಮ್ಮೆ ತಪ್ಪದೆ ನೋಡಿ. ಜುಮಾ ದಿನದ ಬೆಳಗ್ಗೆ ಎಂದು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ.

ಕೊನೆಯದಾಗಿ, ನಿಮ್ಮ ಅಂಗಳದ ನೀರು ನೆರೆಮನೆಯವರ ಅಂಗಳದಲ್ಲಿ ನಿಲ್ಲದಿರಲಿ. ಅಲ್ಲಿ ಹುಟ್ಟಿದ ಸೊಳ್ಳೆಗೆ ನಿಮ್ಮ ಕಾಂಪೌಂಡ್ ಗೋಡೆ ಅಡ್ಡಿಯಾಗದು.